ಲೆಕ್ಕ ತಂಡದ್ದು, ಎದೆ ನಮ್ಮದು

ಮೇ ತಿಂಗಳು ಬಂತೆಂದರೆ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಮುಂಗಾರಿನ ಮಾತಿಗಿಂತ ರನ್ ರೇಟಿನ ಮಾತೇ ಹೆಚ್ಚು. ಮಂಡಿನೋವಿಗೆಂದು ಕೊರಟಗೆರೆ ಕಡೆಯಿಂದ ಬಂದ ಹಿರಿಯರು, ಜ್ವರದ ಮಗುವನ್ನು ಎತ್ತಿಕೊಂಡು ಬಂದ ಮಧುಗಿರಿಯ ಯುವಕ, ಪಾವಗಡದ ಬಸ್ಸು ಇಳಿದು ಸೀದಾ ಬಂದ ಸಕ್ಕರೆ ಕಾಯಿಲೆಯ ಮೇಷ್ಟ್ರು, ಎಲ್ಲರೂ ಒಂದೇ ಲೆಕ್ಕದಲ್ಲಿ ಮುಳುಗಿರುತ್ತಾರೆ. “ಇವತ್ತು ಅವರು ಸೋತು, ನಾಳಿದ್ದು ನಾವು ಹದಿನೆಂಟು ರನ್ನಿಂದ ಗೆದ್ದು, ಮಳೆ ಒಂದು ಬರದೇ ಇದ್ರೆ ನಮಗೆ ಚಾನ್ಸ್ ಐತೆ ಸಾರ್” ಎಂದು ನನಗೂ ಲೆಕ್ಕ ಒಪ್ಪಿಸುತ್ತಾರೆ. ನಾನೂ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡು ಕೇಳುತ್ತೇನೆ. ಸುಳ್ಳೇಕೆ ಹೇಳಲಿ, ನಾನೂ ಅದೇ ಪಂಗಡದವನು.

ಐಪಿಎಲ್ ಪಂದ್ಯಾವಳಿ 2008ರಲ್ಲಿ ಆರಂಭವಾದಾಗಿನಿಂದ ನಮ್ಮ ಕಡೆಯ ಜನ ಬೆಂಗಳೂರಿನ ತಂಡಕ್ಕೆ ಮನಸ್ಸು ಕೊಟ್ಟಿದ್ದಾರೆ. 2009, 2011, 2016ರಲ್ಲಿ ಫೈನಲ್ ತಲುಪಿ ಸೋತದ್ದನ್ನು ನೋಡಿದ್ದಾರೆ. “ಈ ಸಲ ಕಪ್ ನಮ್ದೇ” ಎಂಬ ಮಾತನ್ನು ವರ್ಷ ವರ್ಷವೂ ಹೇಳಿ, ವರ್ಷ ವರ್ಷವೂ ನಗೆಗೀಡಾಗಿ, ಮರುವರ್ಷ ಮತ್ತೆ ಹೇಳಿದ್ದಾರೆ. ಈ ಛಲವನ್ನು ನಾನು ಕಾಯಿಲೆ ಎನ್ನಲಾರೆ. ದುಡಿದು ದಣಿದ ಜನ ಸಂಜೆ ಒಟ್ಟಿಗೆ ಕೂತು ಕೂಗಿ ನಗುವುದು ಮನಸ್ಸಿಗೆ ಒಳ್ಳೆಯದೇ. ನನ್ನ ತಕರಾರು ಇರುವುದು ಬೇರೆ ಕಡೆ. ತಂಡದ ಲೆಕ್ಕವನ್ನು ಮೂರು ದಶಮಾಂಶದವರೆಗೆ ಹೇಳುವ ನಾವು ನಮ್ಮ ಮೈಯ ಲೆಕ್ಕವನ್ನು ಇಟ್ಟಿಲ್ಲವಲ್ಲ, ಅದರ ಬಗ್ಗೆ. ಈ ಮಾತು ಬರೆಯಲು ಒಂದು ರಾತ್ರಿಯ ಘಟನೆಯೇ ಕಾರಣ.

ಆ ಶನಿವಾರದ ರಾತ್ರಿ

ಅದು 2024ರ ಮೇ 18. ಆ ವರ್ಷ ಆರ್.ಸಿ.ಬಿ. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿತ್ತು. ಎಲ್ಲರೂ ಕೈ ಬಿಟ್ಟಿದ್ದಾಗ, ಏಪ್ರಿಲ್ 25ರಂದು ಹೈದರಾಬಾದಿನಲ್ಲಿ ಗೆಲುವು ಸಿಕ್ಕಿತು. ಅಲ್ಲಿಂದ ಮುಂದೆ ಗೆಲುವಿನ ಮೇಲೆ ಗೆಲುವು. ಕೊನೆಯ ಲೀಗ್ ಪಂದ್ಯ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಚೆನ್ನೈ ತಂಡದ ಮೇಲೆ. ನಮಗೆ 12 ಅಂಕ, ಅವರಿಗೆ 14. ಬರಿಯ ಗೆಲುವು ಸಾಲದು. ಸುಮಾರು 18 ರನ್ನುಗಳ ಅಂತರ ಬೇಕಿತ್ತು. ನಾವು 218 ರನ್ ಮಾಡಿದೆವು. ಚೆನ್ನೈ 201 ಮುಟ್ಟಿದರೆ ಪಂದ್ಯ ಸೋತರೂ ಪ್ಲೇಆಫ್‌ಗೆ ಹೋಗುತ್ತಿತ್ತು. ನಡುವೆ ಮಳೆ ಬಂದು ಆಟ ತಡವಾಗಿದ್ದರಿಂದ ಕೊನೆಯ ಓವರಿನ ಹೊತ್ತಿಗೆ ನಡುರಾತ್ರಿ ಸಮೀಪಿಸುತ್ತಿತ್ತು. ಆರು ಎಸೆತ, ಬೇಕಾದ್ದು 17. ಮೊದಲನೆಯ ಎಸೆತಕ್ಕೇ ಧೋನಿ ಸಿಕ್ಸರ್ ಹೊಡೆದರು.

ಆಗಲೇ ನನ್ನ ಫೋನು ಬಡಿದುಕೊಂಡಿತು. ಶಿರಾ ಕಡೆಯ ಕಡಲೆಕಾಯಿ ವ್ಯಾಪಾರಿಯೊಬ್ಬರ ಮಗನ ನಂಬರು. ಅವರು ನನ್ನ ಹಳೆಯ ರೋಗಿ, ವಯಸ್ಸು ಐವತ್ತನಾಲ್ಕು. “ಇನ್ನು ಎರಡು ಬಾಲ್ ಆಗಲಿ” ಎಂದುಕೊಂಡು ನಾನು ಫೋನ್ ಎತ್ತಲಿಲ್ಲ. ಮುಂದಿನ ಎಸೆತಕ್ಕೆ ಧೋನಿ ಔಟಾದರು. ಚೆನ್ನೈ 191ಕ್ಕೆ ನಿಂತಿತು. ನಾವು 27 ರನ್ನಿಂದ ಗೆದ್ದು ಪ್ಲೇಆಫ್ ಸೇರಿದೆವು. ಬೀದಿಯಲ್ಲಿ ಪಟಾಕಿ ಸಿಡಿಯುತ್ತಿರುವಾಗ ನಾನು ಆ ಹುಡುಗನಿಗೆ ಫೋನ್ ಮಾಡಿದೆ.

“ಸಾರ್, ನಮ್ಮಪ್ಪಂಗೆ ಎದೆ ಹಿಡಕೊಂಡಂಗೆ ಆಗೈತಂತೆ. ಮೈಯೆಲ್ಲಾ ಬೆವರು. ಗ್ಯಾಸ್ ಅಂತಾರೆ.”

“ಎಷ್ಟು ಹೊತ್ತಾಯ್ತಪ್ಪ?”

“ಹತ್ತು ಗಂಟೆಯಿಂದ ಸಾರ್. ಮ್ಯಾಚ್ ಮುಗೀಲಿ ಅಂದ್ರು. ಸೋಡಾ ಕುಡಿದ್ರು.”

ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಲು ಹೇಳಿದೆ. ಅದು ಗ್ಯಾಸ್ ಆಗಿರಲಿಲ್ಲ, ದೊಡ್ಡ ಹೃದಯಾಘಾತ. ಅಲ್ಲಿಂದ ಮುಂದಿನ ಊರಿಗೆ ಸಾಗಿಸಿ, ರಕ್ತನಾಳ ತೆರೆಸುವ ಹೊತ್ತಿಗೆ ಬೆಳಗಿನ ಜಾವ. ಜೀವ ಉಳಿಯಿತು. ಆದರೆ ಹೃದಯದ ಪಂಪು ಮಾಡುವ ಶಕ್ತಿ ಶೇಕಡಾ 35ಕ್ಕೆ ಇಳಿದಿತ್ತು. ಆರೋಗ್ಯವಂತರಲ್ಲಿ ಅದು 55ರ ಮೇಲಿರುತ್ತದೆ. ಮೂಟೆ ಎತ್ತಿ ಲಾರಿಗೆ ಹಾಕುತ್ತಿದ್ದ ಮನುಷ್ಯ ಈಗ ಮಹಡಿ ಮೆಟ್ಟಿಲನ್ನು ಎರಡು ಸಲ ನಿಂತು ಹತ್ತುತ್ತಾರೆ.

ನಾನು ತಡಮಾಡಿದ್ದು ನಾಲ್ಕೈದು ನಿಮಿಷ, ಅವರು ತಡಮಾಡಿದ್ದು ಸುಮಾರು ಎರಡು ಗಂಟೆ. ಆದರೂ ಆ ನಾಲ್ಕೈದು ನಿಮಿಷ ನನಗೆ ಇಂದಿಗೂ ಚುಚ್ಚುತ್ತದೆ. ಡಾಕ್ಟರೇ ಹೀಗಾದರೆ ಬೇರೆಯವರಿಗೆ ಬುದ್ಧಿ ಹೇಳುವುದು ಹೇಗೆ? ಹೀಗಾಗಿ ನನ್ನನ್ನೂ ಸೇರಿಸಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಎದೆಯೊಳಗೆ ಏನಾಗುತ್ತದೆ?

ಕೊನೆಯ ಓವರಿನಲ್ಲಿ ನಾವು ಕುರ್ಚಿಯ ತುದಿಗೆ ಬಂದು ಕೂತಾಗ ನಮ್ಮ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹುಲಿ ಎದುರಾದಾಗ ಓಡಲಿಕ್ಕೆ ಪ್ರಕೃತಿ ಕೊಟ್ಟ ಏರ್ಪಾಡು ಅದು. ನಾಡಿ ಏರುತ್ತದೆ, ರಕ್ತದ ಒತ್ತಡ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ರಕ್ತ ಬೇಗ ಹೆಪ್ಪುಗಟ್ಟಲು ಸಜ್ಜಾಗುತ್ತದೆ. ನಾವು ಓಡುವುದಿಲ್ಲ, ಕೂತೇ ಇರುತ್ತೇವೆ. ಆರೋಗ್ಯವಂತ ಹೃದಯ ಇದನ್ನು ತಡೆದುಕೊಳ್ಳುತ್ತದೆ. ಆದರೆ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡಿದ್ದರೆ ಆ ಕೊಬ್ಬಿನ ಪದರ ಬಿರಿಯಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದೇ ಹೃದಯಾಘಾತ.

ಇದು ಬರಿಯ ಊಹೆಯಲ್ಲ. 2006ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ವೈದ್ಯರು ತುರ್ತು ಹೃದಯ ತೊಂದರೆಗಳ ಲೆಕ್ಕ ಇಟ್ಟರು. ಒಟ್ಟು 4,279 ರೋಗಿಗಳನ್ನು ಪರಿಶೀಲಿಸಿದ ಆ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಜರ್ಮನಿ ಆಡಿದ ದಿನಗಳಲ್ಲಿ ಇಂಥ ತೊಂದರೆಗಳು ಬೇರೆ ದಿನಗಳಿಗಿಂತ 2.66 ಪಟ್ಟು ಹೆಚ್ಚಿದ್ದವು. ಗಂಡಸರಲ್ಲಿ 3.26 ಪಟ್ಟು, ಹೆಂಗಸರಲ್ಲಿ 1.82 ಪಟ್ಟು. ಆಟ ಆರಂಭವಾದ ಮೊದಲ ಎರಡು ಗಂಟೆಗಳಲ್ಲೇ ಹೆಚ್ಚು. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಎಲ್ಲ ಅಧ್ಯಯನಗಳೂ ಹೀಗೆಯೇ ಹೇಳುವುದಿಲ್ಲ ಎಂಬುದನ್ನೂ ಹೇಳಬೇಕು. 1998ರ ಜುಲೈ 12ರಂದು ಫ್ರಾನ್ಸ್ ವಿಶ್ವಕಪ್ ಗೆದ್ದ ದಿನ ಅಲ್ಲಿನ ಗಂಡಸರಲ್ಲಿ ಹೃದಯಾಘಾತದ ಸಾವುಗಳು ಕಡಿಮೆಯಾಗಿದ್ದವು ಎಂದು ಅಲ್ಲಿಯ ವೈದ್ಯರು ಬರೆದಿದ್ದಾರೆ. ಆದರೆ ಗೆಲ್ಲುತ್ತೇವೋ ಸೋಲುತ್ತೇವೋ ಎಂಬುದು ಮೊದಲೇ ತಿಳಿಯುವುದಿಲ್ಲವಲ್ಲ!

ಆಟವೊಂದೇ ಯಾರನ್ನೂ ಕೊಲ್ಲುವುದಿಲ್ಲ. ವರ್ಷಗಟ್ಟಲೆ ಗಮನಿಸದೆ ಬಿಟ್ಟ ಬಿ.ಪಿ., ಸಕ್ಕರೆ, ಬೀಡಿ ಸಿಗರೇಟು ಇವು ಮದ್ದು ತುಂಬಿಟ್ಟಿರುತ್ತವೆ. ಕೊನೆಯ ಓವರು ಕಡ್ಡಿ ಗೀರುತ್ತದೆ, ಅಷ್ಟೆ. ನನ್ನ ಆ ರೋಗಿಯನ್ನು ವಾಪಸು ಬಂದ ಮೇಲೆ ಕೇಳಿದೆ, “ಆವತ್ತಿನ ನೆಟ್ ರನ್ ರೇಟ್ ಎಷ್ಟಿತ್ತು ಯಜಮಾನರೇ?” ಎಂದು. “ನಮ್ದು ಪಾಯಿಂಟ್ ನಾನೂರ ಐವತ್ತೊಂಬತ್ತು, ಅವರದು ಪಾಯಿಂಟ್ ಮುನ್ನೂರ ತೊಂಬತ್ತೆರಡು” ಎಂದು ಥಟ್ಟನೆ ಹೇಳಿದರು. “ನಿಮ್ಮ ಬಿ.ಪಿ.?” “ಅದೇನೋ ನೂರಾ ಎಷ್ಟೋ ಅಂದಿದ್ರಿ ಸಾರ್.” ಇಬ್ಬರೂ ನಕ್ಕೆವು. ಆದರೆ ಅದು ನಗುವ ಸಂಗತಿಯಾಗಿರಲಿಲ್ಲ.

ಇಟ್ಟುಕೊಳ್ಳಬೇಕಾದ ಲೆಕ್ಕ

ಮೂವತ್ತು ದಾಟಿದ ಪ್ರತಿಯೊಬ್ಬರೂ ತಮ್ಮದೇ ಒಂದು ಅಂಕಪಟ್ಟಿ ಇಟ್ಟುಕೊಳ್ಳಲಿ. ರಕ್ತದ ಒತ್ತಡ 120/80ರ ಆಸುಪಾಸಿನಲ್ಲಿದ್ದರೆ ಚೆನ್ನ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆಯ ಮಾತು ಬರುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 100ರ ಒಳಗಿರಬೇಕು. 126 ಮುಟ್ಟಿ, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ಅದು ಸಕ್ಕರೆ ಕಾಯಿಲೆ. ಬಿ.ಪಿ. ನೋಡಿಸಲು ಐದು ನಿಮಿಷ ಸಾಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ನೋಡುತ್ತಾರೆ. ಪಂದ್ಯಾವಳಿ ಆರಂಭವಾಗುವ ಮಾರ್ಚ್ ತಿಂಗಳಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವ ರೂಢಿ ಇಟ್ಟುಕೊಂಡರೆ ಮರೆಯುವ ಭಯವೂ ಇಲ್ಲ.

ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಒಂದು ವಿಶೇಷ ಮಾತು. ಪಂದ್ಯ ಸಂಜೆ ಏಳೂವರೆಗೆ ಆರಂಭವಾಗಿ ಹನ್ನೊಂದು ದಾಟುತ್ತದೆ. ರಾತ್ರಿ ಮಾತ್ರೆ ಮರೆತುಹೋಗುತ್ತದೆ. ಇನ್ಸುಲಿನ್ ಚುಚ್ಚಿಕೊಂಡವರು ಊಟ ಮುಂದೂಡಿ, ಸಕ್ಕರೆ ಇಳಿದು, ಬೆವರಿ ನಡುಗುವುದನ್ನು ಕಂಡಿದ್ದೇನೆ. ಇನ್ನು ಕೆಲವರು ಊಟದ ಬದಲು ಮೆಣಸಿನಕಾಯಿ ಬಜ್ಜಿ, ಖಾರ ಮಂಡಕ್ಕಿಯಲ್ಲೇ ಹೊಟ್ಟೆ ತುಂಬಿಸುತ್ತಾರೆ. ಮಾತ್ರೆ ಮತ್ತು ಊಟ ತಮ್ಮ ಹೊತ್ತಿಗೇ ಆಗಲಿ. ಮುದ್ದೆ ಉಂಡು ಕೂತರೆ ಆಟದ ರುಚಿಯೇನೂ ಕಡಿಮೆಯಾಗುವುದಿಲ್ಲ. ಪಂದ್ಯದ ನೆಪದಲ್ಲಿ ಬಾಟಲಿ ಬಿಚ್ಚುವವರಿಗೆ, ಜೊತೆಗೆ ಸಿಗರೇಟಿನ ಮೇಲೆ ಸಿಗರೇಟು ಸುಡುವವರಿಗೆ ಅಪಾಯ ದುಪ್ಪಟ್ಟು.

ಗ್ಯಾಸ್ ಎಂಬ ಸುಳ್ಳು

ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಅದಕ್ಕೆ ಗ್ಯಾಸ್ ಎಂದು ಹೆಸರಿಡುತ್ತೇವೆ. ಎದೆಯ ನಡುವೆ ಕಲ್ಲು ಹೇರಿದಂಥ ಭಾರ ಅಥವಾ ಹಿಂಡಿದಂಥ ನೋವು, ಅದು ಎಡತೋಳು, ಕುತ್ತಿಗೆ, ದವಡೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ವಾಕರಿಕೆ, ಇವು ಹದಿನೈದು ಇಪ್ಪತ್ತು ನಿಮಿಷ ಇದ್ದರೆ ಹೃದಯಾಘಾತ ಎಂದೇ ಭಾವಿಸಿ ಹೊರಡಬೇಕು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ಏದುಸಿರು ಮಾತ್ರ ಕಾಣಿಸಬಹುದು. ಹೋಗಿ ನೋಡಿಸಿದ ಮೇಲೆ ಗ್ಯಾಸ್ ಎಂದೇ ಗೊತ್ತಾದರೆ ನಷ್ಟವೇನು? ಒಂದು ಇಸಿಜಿ ಕಾಗದ, ಅಷ್ಟೆ.

108ಕ್ಕೆ ಫೋನ್ ಮಾಡಿ. ರೋಗಿಯನ್ನು ನಡೆಸಬೇಡಿ, ಬೈಕಿನ ಮೇಲೆ ಕೂರಿಸಬೇಡಿ. ಪಕ್ಕದ ಮನೆಯವರ ಹೃದಯದ ಮಾತ್ರೆಯನ್ನು ತಂದು ನಾಲಿಗೆಯ ಕೆಳಗೆ ಇಡಬೇಡಿ, ಬಿ.ಪಿ. ಕುಸಿಯಬಹುದು. ಆಸ್ಪಿರಿನ್ ಮಾತ್ರೆ ಜಗಿಯುವುದು ಹಲವರಿಗೆ ಉಪಕಾರಿ. ಆದರೆ ಹೊಟ್ಟೆಹುಣ್ಣು, ರಕ್ತಸ್ರಾವ, ಅಲರ್ಜಿ ಇದ್ದವರಿಗೆ ಅಲ್ಲ. ಫೋನಿನಲ್ಲಿ ವೈದ್ಯರನ್ನು ಕೇಳಿಯೇ ಕೊಡಿ.

ಇಲ್ಲಿ ದೂರದ ಮಾತು ಮುಖ್ಯ. ಬೆಂಗಳೂರಿನವರಿಗೆ ದೊಡ್ಡ ಆಸ್ಪತ್ರೆ ಮೂರು ಸಿಗ್ನಲ್ ಆಚೆಗಿದೆ. ಪಾವಗಡದವರಿಗೆ ತುಮಕೂರೇ ನೂರು ಕಿಲೋಮೀಟರಿನ ಹತ್ತಿರ. ಮಧುಗಿರಿ, ಶಿರಾದವರಿಗೂ ನಲವತ್ತು ಐವತ್ತು ಕಿಲೋಮೀಟರು. ಹಾಗಾಗಿ ತಡಮಾಡುವ ಹಕ್ಕು ನಮಗೆ ಅವರಿಗಿಂತ ಕಡಿಮೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯಜ್ಯೋತಿ ಯೋಜನೆ ತಂದಿತು. ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಕೇಂದ್ರದ ಹೃದ್ರೋಗ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಈ ಚುಚ್ಚುಮದ್ದು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟಷ್ಟೂ ಫಲ ಹೆಚ್ಚು, ಹೊತ್ತು ಕಳೆದಷ್ಟೂ ಕಡಿಮೆ. ಆದ್ದರಿಂದ ದೂರದ ಪ್ರಯಾಣಕ್ಕೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ಇಸಿಜಿ ಆಗಲಿ.

ಮನೆಯೊಳಗಿನ ಗಾಯ

ಸೋಲಿನ ಮರುದಿನ ಬರುವ ಇನ್ನೊಂದು ಬಗೆಯ ರೋಗಿಗಳಿದ್ದಾರೆ. ಕೆನ್ನೆ ಬಾತ ಹೆಂಗಸರು. “ಬಚ್ಚಲಲ್ಲಿ ಜಾರಿ ಬಿದ್ದೆ ಸಾರ್” ಎನ್ನುತ್ತಾರೆ. ಬಚ್ಚಲಲ್ಲಿ ಜಾರಿದರೆ ಬೆರಳಿನ ಗುರುತು ಮೂಡುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ 2002, 2006, 2010ರ ಫುಟ್‌ಬಾಲ್ ವಿಶ್ವಕಪ್‌ಗಳ ಪೊಲೀಸ್ ದಾಖಲೆಗಳನ್ನು ನೋಡಿದ ಅಧ್ಯಯನವೊಂದು, ತಮ್ಮ ತಂಡ ಸೋತ ದಿನ ಮನೆಯೊಳಗಿನ ಹಿಂಸೆಯ ದೂರುಗಳು ಶೇಕಡಾ 38ರಷ್ಟು, ಗೆದ್ದ ಅಥವಾ ಸಮವಾದ ದಿನವೂ ಶೇಕಡಾ 26ರಷ್ಟು ಹೆಚ್ಚಿದ್ದವು ಎಂದಿತು. ಕುಡಿತ, ಸಿಟ್ಟು ಎರಡೂ ಸೇರಿದರೆ ಯಾವ ದೇಶವಾದರೇನು? ಕ್ಯಾಚ್ ಬಿಟ್ಟವನ ಮೇಲಿನ ಕೋಪವನ್ನು ಅನ್ನ ಬಡಿಸಿದವಳ ಮೇಲೆ ತೀರಿಸಿಕೊಳ್ಳುವುದು ಗಂಡಸುತನವಲ್ಲ. ತೊಂದರೆಯಲ್ಲಿರುವ ತಾಯಂದಿರು 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಬಹುದು. ವೈದ್ಯರ ಹತ್ತಿರ ನಿಜ ಹೇಳಿ, ಅದು ನಾಲ್ಕು ಗೋಡೆಯ ಆಚೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಧರ್ಮ.

ನಿದ್ದೆ ಬರುವುದಿಲ್ಲ ಎಂದು ಬರುವ ಹುಡುಗರದು ಬೇರೆ ಕಥೆ. ಎರಡು ಮೂರು ಪ್ರಶ್ನೆ ಕೇಳಿದರೆ ಬೆಟ್ಟಿಂಗ್ ಸಾಲ ಹೊರಬೀಳುತ್ತದೆ. ತಂಡ ಪ್ಲೇಆಫ್ ಸೇರುತ್ತದೋ ಇಲ್ಲವೋ ಎಂಬುದರ ಮೇಲೆ ಅಪ್ಪನ ಬೆಳೆಯ ದುಡ್ಡನ್ನು ಕಟ್ಟಿರುತ್ತಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ತಂದಿತು. ಕಾಯಿದೆ ಬಂದ ಮಾತ್ರಕ್ಕೆ ಚಟ ಹೋಗುವುದಿಲ್ಲ. ಇದು ಕುಡಿತದಷ್ಟೇ ನಿಜವಾದ ಕಾಯಿಲೆ, ಚಿಕಿತ್ಸೆಯೂ ಇದೆ. ಸಾಲಕ್ಕೆ ಹೆದರಿ ಸಾಯುವ ಯೋಚನೆ ಬಂದವರು ಆ ಕ್ಷಣವೇ 14416ಕ್ಕೆ, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಲಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ತಂದೆತಾಯಂದಿರೇ, ಇಂಥ ಮಗ ಬಾಯಿಬಿಟ್ಟರೆ ಮೊದಲು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೈಯಲು ಆಮೇಲೆ ಕಾಲವಿದೆ.

ಮಕ್ಕಳ ನಿದ್ದೆಯ ವಿಚಾರವೂ ಇದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದರೆ ನಮ್ಮ ಈ ನಾಲ್ಕು ತಾಲ್ಲೂಕುಗಳೇ. 2024ರಲ್ಲಿ ಐಪಿಎಲ್ ಮಾರ್ಚ್ 22ಕ್ಕೆ ಆರಂಭವಾದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 25ಕ್ಕೆ ಆರಂಭವಾಯಿತು. ಹದಿಹರೆಯದವರಿಗೆ ದಿನಕ್ಕೆ ಎಂಟು ಗಂಟೆಯಾದರೂ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ನಿಲ್ಲುವುದು ನಿದ್ದೆಯಲ್ಲೇ. ಹಾಲ್‌ನಲ್ಲಿ ಅಪ್ಪ ಕೂಗುತ್ತಿದ್ದರೆ ಕೋಣೆಯಲ್ಲಿ ಮಗಳು ಮಲಗುವುದಾದರೂ ಹೇಗೆ?

ಗೆದ್ದ ಮರುದಿನ

ಕಡೆಗೂ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಆರು ರನ್ನಿಂದ ಸೋಲಿಸಿ ಕಪ್ ನಮ್ಮದಾಯಿತು. ಆ ರಾತ್ರಿ ನಮ್ಮೂರಿನಲ್ಲೂ ಯಾರೂ ಮಲಗಲಿಲ್ಲ. ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಹದಿನೇಳು ವರ್ಷ ಕಾದ ಸಂತೋಷ ಒಂದು ದಿನವೂ ಪೂರ್ತಿ ಉಳಿಯಲಿಲ್ಲ. ತಪ್ಪು ಯಾರದೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ವೈದ್ಯನಾಗಿ ಹೇಳಬೇಕಾದ್ದಿಷ್ಟು: ಇಂಥ ಕಡೆ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಎದೆ ಅದುಮಿಹೋಗಿ ಉಸಿರು ಎಳೆಯಲಾಗದೆ. ನಿಂತಲ್ಲೇ ಸಾಯಬಹುದು. ಗುಂಪು ಭುಜಕ್ಕೆ ಭುಜ ತಾಗುವಷ್ಟು ದಟ್ಟವಾದ ಕೂಡಲೇ ಹೊರಬನ್ನಿ. ಸಿಕ್ಕಿಕೊಂಡರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಿಸಿ ಹಿಡಿದು ಉಸಿರಿಗೆ ಜಾಗ ಉಳಿಸಿಕೊಳ್ಳಿ. ಬಿದ್ದ ಚಪ್ಪಲಿಗೆ, ಫೋನಿಗೆ ಬಗ್ಗಬೇಡಿ. ಎದುರು ನೂಕದೆ, ಓರೆಯಾಗಿ ಅಂಚಿನ ಕಡೆಗೆ ಸರಿಯಿರಿ. ಮಕ್ಕಳನ್ನು ಕರೆದೊಯ್ಯಲೇಬೇಡಿ.

ಇಷ್ಟೆಲ್ಲ ಬರೆದದ್ದು ಆಟ ನೋಡಬೇಡಿ ಎನ್ನಲಿಕ್ಕಲ್ಲ. ನನ್ನ ಆ ಕಡಲೆಕಾಯಿ ವ್ಯಾಪಾರಿ 2025ರ ಫೈನಲ್ ನೋಡಿದರು. ಸಂಜೆಯೇ ಮಾತ್ರೆ, ಊಟ ಮುಗಿಸಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರಂತೆ. ಎದೆ ಡವಗುಟ್ಟಿದಾಗ ಎದ್ದು ಅಂಗಳಕ್ಕೆ ಹೋಗಿ ತಿರುಗಾಡಿ ಬಂದರಂತೆ. ಕೊನೆಯ ಓವರನ್ನು ನೋಡಲೇ ಇಲ್ಲ, ಬೀದಿಯ ಕೂಗು ಕೇಳಿ ಗೆದ್ದದ್ದು ತಿಳಿಯಿತು. ಮರುವಾರ ಚೀಟಿ ತೋರಿಸಲು ಬಂದಾಗ ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. ಎಡಗಡೆ ಪಂದ್ಯಗಳ ಸ್ಕೋರು, ಬಲಗಡೆ ಆಯಾ ದಿನದ ಬಿ.ಪಿ.

“ಜೂನ್ ಮೂರನೇ ತಾರೀಕು ನೂರಾ ಇಪ್ಪತ್ತೆಂಟು, ಎಂಬತ್ತೆರಡು ಸಾರ್. ಇದೂ ಗೆದ್ದಂಗೇ ಅಲ್ವಾ?”

ಗೆದ್ದ ಹಾಗೇ ಯಜಮಾನರೇ. ಓದುಗರೂ ಇಂಥ ಒಂದು ನೋಟ್‌ಬುಕ್ ಕೊಳ್ಳಲಿ. ಅಂದಹಾಗೆ, ಪಂದ್ಯದ ಹೊತ್ತಿನಲ್ಲೂ ನಾನು ಈಗ ಮೊದಲನೆಯ ರಿಂಗಿಗೇ ಫೋನ್ ಎತ್ತುತ್ತೇನೆ.